ಎರಡನೇ ಗುಂಡಿ

ಟೊಲೀಡೊದ ಚಳಿಗಾಲದ ಉಪ್ಪು ತಿಂದ ಬಾಗಿಲಂಚು.
ಉಗುರಲ್ಲಿ ಕೆರೆದೆ, ತುಕ್ಕು ಉದುರಿತು.
ಮುನ್ನೂರು ಡಾಲರ್ ಇಳಿಸಬಹುದು, ಲೆಕ್ಕ ಹಾಕಿದೆ.

‘ಕಸ್ಟಮ್ ಅಲ್ಲ ಕಣಮ್ಮ, ಲಿಮಿಟೆಡ್’ ಅಂದಳು ವಾಂಡಾ,
ಮಂಚದಷ್ಟು ಅಗಲದ ಬ್ಯೂಕಿನ ಬಾನೆಟ್ ಸವರುತ್ತ.
‘ತೊಗಲಿನ ಸೀಟು. ಬೆಚ್ಚಗಾಗುತ್ತೆ,
ನೆನಪೂ ಇಟ್ಟುಕೊಳ್ಳುತ್ತೆ.’

ಒಂದು ಒತ್ತಿದೆ.
ಸೀಟು ಗುಂಯ್‌ಗುಟ್ಟುತ್ತ ಹಿಂದೆ, ಇನ್ನೂ ಹಿಂದೆ ಸರಿದು
ಯಾರೋ ಉದ್ದ ಕಾಲಿನವನಿಗೆ ಜಾಗ ಬಿಟ್ಟು ನಿಂತಿತು.
ಪೆಡಲ್ ಎಟುಕಲಿಲ್ಲ.

‘ಸ್ಟಾನ್‌ದು ಅದು.
ಸೆಟ್ ಒತ್ತಿ ಒಂದು ಒತ್ತು, ಅಳಿಸಿಹೋಗುತ್ತೆ.’

ಎರಡು ಒತ್ತಿದೆ.
ಸೀಟು, ಬೆನ್ನು, ಪಕ್ಕದ ಕನ್ನಡಿ
ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ
ನನಗೇ ಬಂದು ಕೂತವು.
ಕನ್ನಡಿಯೊಳಗೆ ವಾಂಡಾ,
ಕೋಟಿನ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು.

ಆದರೂ ತುಕ್ಕಿನ ಮಾತೆತ್ತಿದೆ.
ನೂರೈವತ್ತು ಇಳಿಸಿದಳು.