ಅರ್ಥ ನೋಡಿ

ಹಗಲಲ್ಲಿ ಅದು ಕಾಣುವುದೇ ಇಲ್ಲ.
ಕತ್ತಲಾದ ಮೇಲೆ ಸದಾಶಿವಗಡದಿಂದ ಮರಳುವಾಗ
ಕಾಳಿ ಸೇತುವೆಯ ನಟ್ಟನಡುವೆ ಕಂಡಿತು:
ಸ್ಟೇರಿಂಗಿನ ಹಿಂದೆ ಉಗುರಿನಷ್ಟು ಕೆಂಪು,
ಚಿಕ್ಕ ಡಬ್ಬಿ, ಒಳಗೊಂದು ಕೂಡುವ ಗುರುತು, ಒಂದು ಕಳೆಯುವ ಗುರುತು.
ಪೂರ್ತಿ ಉರಿಯದು, ಆರದು,
ದೇವರ ಮುಂದೆ ಮರೆತುಬಿಟ್ಟ ಊದಿನಕಡ್ಡಿಯ ತುದಿ.

ನಾಲ್ಕು ವರ್ಷದ ಹಿಂದೆ ಅರ್ಗಾದಲ್ಲಿ ಕೊಂಡ ಕಾರು.
ವಿಶಾಖಪಟ್ಟಣಕ್ಕೆ ವರ್ಗವಾಗಿದ್ದ ನೌಕಾದಳದವನು
ಕೀಲಿಯ ಜೊತೆ ಒಂದು ಕ್ರೋಟನ್ ಕುಂಡವನ್ನೂ ಕೊಟ್ಟಿದ್ದ,
ಪುಕ್ಕಟೆ.

ಭಾನುವಾರ ಕೋಡಿಬಾಗದ ಅಂಗಳದಲ್ಲಿ ಬಾನೆಟ್ ಎತ್ತಿದೆ.
ಪಕ್ಕದ ಮನೆಯ ಇನಾಸ್, ಟ್ರಾಲರಿನ ಇಂಜಿನ್ ನೋಡುವವನು,
ಕೂರ್ಮಗಡದ ಆಚೆ ಎಲ್ಲೋ ನೀರಿನ ಮೇಲಿದ್ದ.
ರೋಜಲಿನ್ ಬೇಲಿಯ ಮೇಲಿಂದ ಅವನ ಮೀಟರು ಚಾಚಿದಳು,
ಫೋನು ಹಚ್ಚಿ ನನ್ನ ಕಿವಿಗಿಟ್ಟಳು.

ಬಂದ್ ಇದ್ದಾಗ ಎಷ್ಟು ಬಾಯಿ?
ಹನ್ನೆರಡೂವರೆ.
ಸುರು ಮಾಡಿ. ಈಗ?
ಹದಿಮೂರು ಮುಟ್ಟುತ್ತಿಲ್ಲ.
ಹದಿನಾಲ್ಕು ಬರಬೇಕು. ಬಂದ್ ಮಾಡಿ ಬೆಲ್ಟು ಒತ್ತಿ.
ಬಿಗಿ ಇದೆ.
ಹಾಗಾದ್ರೆ ಅರ್ಥ ನೋಡಿ, ಅರ್ಥ
ಎನ್ನುವಷ್ಟರಲ್ಲಿ ಸಿಗ್ನಲ್ ಮುಳುಗಿತು.

ಇಪ್ಪತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು.
'ಕೆಳಗಿನ ಪದಗಳ ಅರ್ಥ ಬರೆಯಿರಿ'
ಬರೆಸಿ ಬರೆಸಿ ಸುಣ್ಣದ ಕಡ್ಡಿ ಸವೆಸಿದವಳು.
ಇಂಜಿನ್ನಿನ ಮುಂದೆ ಕೈಕಟ್ಟಿ ನಿಂತು
ಅರ್ಥ ನೋಡಿದೆ.
ಎಣ್ಣೆ, ಧೂಳು, ಒಂದು ಸತ್ತ ಓತಿಕ್ಯಾತ.

ಅರ್ಥ ಅಲ್ಲ ಟೀಚರ್, ಅರ್ಥ್! ಅರ್ಥಿಂಗು! ರೋಜಲಿನ್ ನಕ್ಕು ನಕ್ಕು
ಬೇಲಿಯೇ ಅಲುಗಿತು.
ನಾಲ್ಕು ರಬ್ಬರಿನ ಮೇಲೆ ನಿಂತ ಗಾಡಿಗೆ ಎಲ್ಲಿಯ ನೆಲವೇ?
ಬೋಟಿಗೂ ಉಂಟಂತೆ, ಎಂದಳು. ನೀರಲ್ಲಿ!

ಕಪ್ಪು ತಂತಿಯ ಬಾಲ ಹಿಡಿದು ಹೋದೆ,
ಬ್ಯಾಟರಿಯಿಂದ ಕೆಳಗೆ, ಕತ್ತಲಿಗೆ.
ಅಲ್ಲಿತ್ತು. ಕಡಲ ಗಾಳಿ ನೆಕ್ಕಿ ನೆಕ್ಕಿ
ಬೋಲ್ಟು ಯಾವುದು, ಉಪ್ಪು ಯಾವುದು ತಿಳಿಯದಂತೆ
ಮೈಲುತುತ್ತದ ಬಣ್ಣದ ಗಂಟು.
ಮೈನಸ್ಸು ಮೊದಲು ಬಿಚ್ಚಿ ಎಂದಳು ರೋಜಲಿನ್,
ಗಂಡ ಹುಡುಗರಿಗೆ ಬೈಯುವುದನ್ನು ಕೇಳಿಯೇ ಕಲಿತವಳು.
ಹತ್ತರ ಪಾನಾ ಜಾರಿ ಬೆರಳ ಗಂಟು ಸುಲಿಯಿತು.
ಸೋಡಾಪುಡಿ, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು,
ಆಮೇಲೆ ಮರಳುಕಾಗದ. ಲೋಹ ಲೋಹದಂತೆ ಕಾಣುವತನಕ.
ಬಿಗಿದು, ಮೇಲೊಂದಿಷ್ಟು ವ್ಯಾಸಲೀನು ಸವರಿದೆ.

ಸುರು. ಹದಿನಾಲ್ಕು ಪಾಯಿಂಟ್ ಎರಡು.

ಆದರೆ ಬಿಸಿಲು ನೆತ್ತಿಯ ಮೇಲೆ. ಕೆಂಪು ಆರಿದೆಯೋ
ಬರೀ ಕಾಣುತ್ತಿಲ್ಲವೋ?
ರೋಜಲಿನ್ ಮನೆಯಿಂದ ಕಂಬಳಿ ತಂದಳು.
ಸೀಟಿನಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಮುಸುಕೆಳೆದುಕೊಂಡೆವು,
ಬೆವರು, ಕರ್ಪೂರ, ಒಣಮೀನಿನ ವಾಸನೆ.
ಸ್ಪೀಡಿನ ಮುಳ್ಳು, ಪೆಟ್ರೋಲಿನ ಮುಳ್ಳು.
ಕೆಂಪು ಇಲ್ಲ.

ಇದೇನು ಟೀಚರ್?
ಕೆಂಪು ಇದ್ದ ಜಾಗದಲ್ಲಿ, ಗಾಜಿನ ಮೇಲೆ,
ಅಳತೆ ಮಾಡಿ ಕತ್ತರಿಸಿದಂಥ ಅಂಟಿನ ಚೌಕ.
ಕಾಲಡಿಯ ಮ್ಯಾಟು ಕೊಡವಿದರೆ
ಒಣಗಿ ಸುರುಳಿಯಾದ ಕರಿ ಟೇಪಿನ ಚೂರು ಬಿತ್ತು.

ಆಹಾ, ಎಂದಳು ರೋಜಲಿನ್. ಮತ್ತೇನೂ ಹೇಳಲಿಲ್ಲ.

ಆ ಸಂಜೆ ಕ್ರೋಟನ್ನಿಗೆ ನೀರು ಹಾಕಲಿಲ್ಲ.
ಮರುದಿನ ಹಾಕಿದೆ.