ಸ್ಟೆಪ್ನಿ ಕುಣಿ

ಒಂದು ಟ್ರೇಕ್ಕ ಮೂವತ್ತು. ನಲವತ್ತು ಟ್ರೇ.
ಹನ್ನೆರಡುನೂರು ತತ್ತಿ ಹೊತ್ತು
ವಾರಕ್ಕ ನಾಕು ಸಲ ಅಕ್ಕಲಕೋಟದಿಂದ ದುಧನಿ ತನಕ
ನನ್ನ ಹಳೇ ಆಲ್ಟೋ
ತಗ್ಗು ನೋಡಿ, ಉಬ್ಬು ನೋಡಿ, ಹೆಜ್ಜಿ ಇಡ್ತದ.
ಹಿಂದಿನ ಸೀಟು ಕಿತ್ತು ಮನಿ ಮುಂದ ಹಾಕೀನಿ.
ಅದರ ಮ್ಯಾಲ ಈಗ ನಮ್ಮವ್ವ ಕೂತು ಎಲಿ ಅಡಿಕಿ ಕುಟ್ತಾಳ.

ಇಂಥಾ ಗಾಡ್ಯಾಗ ಸಬ್‌ವೂಫರ್ ಎಲ್ಲಿಡ್ತಿ ದಸ್ತಗೀರ?
ಎಲ್ಲಾರೂ ಕೇಳಿದ್ರು.
ನಾನೂ ಕೇಳ್ಕೊಂಡೆ.

ಆದ್ರ ಹನ್ನೊಂದು ವರ್ಷ
ಅಂಗೈಯಗಲದ ಎರಡು ಸ್ಪೀಕರಿನ್ಯಾಗ
ಹಾಡಿನ ಸೊಂಟದ ಮ್ಯಾಲಿಂದಷ್ಟ ಕೇಳೀನಿ.
ಕಾಲು ಎಲ್ಲಿ ಅದರದು?
ಅಲಾವಿ ಮುಂದ ಹಲಗಿ ಬಡಿವಾಗ
ಹೊಟ್ಟಿಯೊಳಗಿನ ರೊಟ್ಟಿ ಸೈತ ಎದ್ದು ನಿಲ್ತಿತ್ತಲ್ಲ,
ಆ ಕಾಲು?

ಕಲ್ಯಾಣಿ ಅಂಗಡಿ ಬೋರ್ಡು ಮರಾಠಿ, ಬೈಗುಳ ಕನ್ನಡ,
ವಾಯರಿಗೆ ಎರಡೇ ಭಾಷಾ: ಕೆಂಪು, ಕರಿ.
ಡಿಕ್ಕಿ ಎತ್ತಿ, ಟೇಪು ಹಿಡಿದು, ತುಟಿಯಾಗ ಮೊಳಿ ಕಚ್ಚಿಕೊಂಡೇ ಅಂದ:
"ಎಂಟಿಂಚಿನ ಸ್ಪೀಕರ್ ಕೂಡ್ತದ ಮಾಮಾ.
ಅದಕ್ಕ ಉಸಿರಾಡಾಕ ಒಂದು ಖೋಲಿ ಬೇಕಲ್ಲ.
ಪೆಟ್ಟಿಗಿಯೊಳಗ ಏನೂ ಇರಬಾರದು, ಗಾಳಿ ಅಷ್ಟ.
ಆ ಗಾಳೀನ ಬಾರಿಸೋದು."

"ಗಾಳಿಗೆ ಎಷ್ಟು ಟ್ರೇ?" ಅಂದಳು ಖೈರೂನ್.
"ಆರು."
"ನೂರಾ ಎಂಬತ್ತು ತತ್ತಿ," ಬೆರಳು ಮಡಚಲಾರದ ಅಂದಳು,
"ಏನೂ ಇಲ್ಲದ್ದಕ್ಕ
ನೂರಾ ಎಂಬತ್ತು ತತ್ತಿ ಜಾಗಾ ಬಿಡು ಅಂತಾನ ಇಂವ.
ನಡಿ, ಮನಿಗೆ ಹೋಗೂಣು."

ಆವಾಗ ಕಲ್ಯಾಣಿ ಡಿಕ್ಕಿಯ ಚಾಪಿ ಎತ್ತಿದ.
ಕೆಳಗ ಸ್ಟೆಪ್ನಿ,
ಹೋದ ಸಲದ ಪಂಕ್ಚರಿನಿಂದ ಹಾಂಗ ಮಲಗಿದ್ದು;
ನಡುವ ಒಣಗಿದ ಹಲ್ಲಿ, ಎರಡು ರೂಪಾಯಿ ನಾಣ್ಯ,
ಯಾವಾಗೋ ಒಡೆದ ತತ್ತಿಯ ಹಳದಿ ಕಲಿ.
ಎಬ್ಬಿಸಿದ. ದುಂಡ ಕುಣಿ.
"ಇಲ್ಲಿ," ಅಂದ.

ಮೂರು ದಿನ ಪ್ಲೈವುಡ್ ಕೊರೆದ,
ಬಾವಿಗೆ ಕಟ್ಟಿ ಕಟ್ಟಿದಾಂಗ ಪೆಟ್ಟಿಗಿ ಕಟ್ಟಿದ.
ಸ್ಟೆಪ್ನಿ ಟಾಪು ಏರ್ತು, ಹಗ್ಗ ಬಿಗಿಸಿಕೊಂಡು,
ಪ್ಯಾಟಿಗೆ ಹೊಂಟ ಗೌಡನ ರುಮಾಲದಾಂಗ.

ಮೊದಲ ದಿನ ಬರೀ ಗುಂಯ್.
ಹಾಡು ಹಚ್ಚಿದ್ರೂ ಗುಂಯ್, ಬಂದ್ ಮಾಡಿದ್ರೂ ಗುಂಯ್.
"ಅರ್ಥ್ ಸರಿ ಕೂತಿಲ್ಲ," ಅಂದ ಕಲ್ಯಾಣಿ.
ಖೈರೂನ್ ನಕ್ಕಳು: "ಮೊದಲಿನಿಂದ ನಾ ಅದನ್ನ ಹೇಳ್ತೀನಿ,
ಇದರಾಗ ಅರ್ಥ ಇಲ್ಲಂತ."
ಅಂವ ತಳದ ಬಣ್ಣ ಕೆರೆದ,
ಬತ್ತಲಿ ತಗಡಿಗೆ ಕರೀ ವಾಯರ್ ಬಿಗಿದ.
ಗುಂಯ್ ನಿಂತಿತು.
ಆಮ್ಯಾಲ ಬಂತು ನೋಡ್ರಿ, ಕಿವಿಗಲ್ಲ,
ಬೆನ್ನಿನ ಹುರಿಗೆ, ಸೀಟಿನ ಸ್ಪ್ರಿಂಗಿಗೆ, ಸ್ಟೇರಿಂಗ್ ಹಿಡಿದ ಬೆರಳಿಗೆ.
ನಾಗಣಸೂರ ದಾಟೂ ತನಕ ಗೇರ್ ಬದಲಿಸೋದು ಮರ್ತಿದ್ದೆ.

ತಳದ ಟ್ರೇದಾಗ ಹದಿನೊಂದು ತತ್ತಿ ಸೀಳಿದ್ವು.
ಮಾತಾಡಲಿಲ್ಲ ಆಕಿ.
ಸಂಜಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ
ಹಂಚಿನ ಮ್ಯಾಲ ಹುಯ್ದು ನನ್ನ ತಾಟಿಗೆ ಕುಕ್ಕಿದಳು:
"ತಿನ್ನು. ನಿನ್ನ ಹಾಡು."
ಮರುದಿನ ಹರಕ ಖಾಲಿ ಟ್ರೇ ನಾಕು
ಒಂದರೊಳಗೊಂದು ಕೂಡಿಸಿ ತಳಕ್ಕ ಹಾಸಿದೆ.
ತತ್ತಿ ಹೊತ್ತು ಸವೆದ ಪುಠ್ಠಾ
ಹಾಡಿನ ಗುದ್ದನ್ನೂ ತಡಕೊಂಡ್ತು.

ಹೋದ ಶುಕ್ರವಾರ ದುಧನಿ ರಸ್ತಾದಾಗ,
ತೊಗರಿ ಹೊಲದ ಬಾಜೂಕ, ಪಂಕ್ಚರ್.
ಮೊದಲಾಗಿದ್ರ
ಹನ್ನೆರಡುನೂರು ತತ್ತಿ ಒಂದೊಂದ ಟ್ರೇ ಇಳಿಸಿ
ಜಾಲಿಮುಳ್ಳಿನ ನಡುವ ಪೇರಿಸಿ, ನಾಯಿ ಓಡಿಸಿ,
ಕುಣಿಯಿಂದ ಸ್ಟೆಪ್ನಿ ಎತ್ತಿ, ಮತ್ತ ಎಲ್ಲಾ ಏರಿಸಿ...
ಎರಡು ತಾಸಿನ ಬಾಳೇವು.
ಈಗ ಕೈ ಚಾಚಿ ಹಗ್ಗ ಬಿಚ್ಚಿದೆ.

ಖೈರೂನ್ ದಾರಿ ಬದಿಗೆ ನಿಂತು
ಟಾಪಿನ ಕಡೆ ನೋಡಿದಳು, ಡಿಕ್ಕಿ ಕಡೆ ನೋಡಿದಳು,
ಒಳಗೊಳಗ ಏನೋ ಕೂಡಿಸಿದಳು, ಕಳೆದಳು.
"ಹಚ್ಚು," ಅಂದಳು.
"ಏನು?"
"ಅದನ್ನ."

ನಾ ಜಾಕ್ ತಿರುವುತ್ತಿದ್ದೆ.
ಆಕಿ ಅಂಗೈ ಡಿಕ್ಕಿಯ ತಗಡಿನ ಮ್ಯಾಲ,
ಕೂಸಿಗೆ ಜ್ವರ ಅದನೋ ಇಲ್ಲೋ ಅಂತ ನೋಡೂ ಹಾಂಗ.
ತೊಗರಿಯೊಳಗಿನ ಗುಬ್ಬಿ ಒಮ್ಮೆಲೇ ಎದ್ದು ಹೋದ್ವು.
ತತ್ತಿ ಸುಮ್ಮನಿದ್ವು.