ಲಕೋಟೆ ೬೧೧೪

ವಿಮಾನದವರು ತರುತ್ತಿದ್ದರು, ಹಡಗಿನ ಅಡುಗೆಯವರು,
ದೇವರ ಮಾತು ಹೇಳಲು ದೂರ ಹೋದ ಪಾದ್ರಿಗಳು.
ಎಲ್ಲರಿಗೂ ಕಂಪನಿ ಕೊಟ್ಟದ್ದು ಒಂದು ಚಮಚ, ಒಂದು ಲಕೋಟೆ:
ಹೋದಲ್ಲಿಂದ ಚೂರು ಮಣ್ಣು ಕಳಿಸಿ.
ನಮ್ಮ ಕೆಲಸ ಅದನ್ನು ಒಣಗಿಸುವುದು, ನೀರಲ್ಲಿ ಕದಡುವುದು,
ಹತ್ತಕ್ಕೊಂದು, ನೂರಕ್ಕೊಂದು, ತೆಳ್ಳಗೆ, ಇನ್ನೂ ತೆಳ್ಳಗೆ,
ಗಾಜಿನ ತಟ್ಟೆಯ ಅಗರ್ ಮೇಲೆ ಸವರಿ ಕಾಯುವುದು.

ಮಿಷಿಗನ್ನಿನಲ್ಲಿ ಐವತ್ತೊಂದರ ಜನವರಿ.
ಕಿಟಕಿಯಾಚೆ ನೆಲವೇ ಕಾಣದಷ್ಟು ಹಿಮ.
ಒಳಗೆ ನಾವು ನಾಲ್ವರು ಹುಡುಗಿಯರು
ಲೋಕದ ನೆಲವನ್ನೆಲ್ಲ ಉಗುರಲ್ಲಿಟ್ಟುಕೊಂಡು.

೬೧೧೪ ಬಂದದ್ದು ನೆಬ್ರಾಸ್ಕಾದಿಂದ.
ನಮ್ಮ ಲಕೋಟೆಯಲ್ಲ, ಬೀಜದ ಪೊಟ್ಟಣ, ಮೇಲೆ ಟರ್ನಿಪ್ಪಿನ ಚಿತ್ರ.
ಒಳಗೊಂದು ಚೀಟಿ, ಪೆನ್ಸಿಲ್ಲಿನಲ್ಲಿ:

"ಮದ್ದು ಮಣ್ಣಲ್ಲಿದೆಯೆಂದು ಪೇಪರಿನಲ್ಲಿ ಓದಿದೆ.
ಇದು ನನ್ನ ಮಗಳು ಓಪಲ್ ಮಲಗಿರುವ ಜಾಗದ್ದು.
ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ. ಮೂವತ್ತಾರನೇ ಇಸವಿ.
ಆರು ದಿನ.
ಇದರಲ್ಲಿ ಏನಾದರೂ ಇತ್ತೇ, ತಿಳಿಸಿ.
ಐಯೋನ್ ಪ್ರಡನ್."

ಊರು, ಆಳ, ಬೆಳೆ, ನಮೂನೆ ಕೇಳುವುದು ಇಷ್ಟೇ.
ಬೆಳೆ ಎಂದಿದ್ದಲ್ಲಿ ಹುಲ್ಲು ಎಂದು ಬರೆದೆ.

ಐದನೆಯ ದಿನ ಮುಚ್ಚಳ ಎತ್ತಿದರೆ
ಮೊದಲ ಮಳೆಯ ವಾಸನೆ. ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕಿಗಳು.
ಒಂದನ್ನು ಸೂಜಿಯಲ್ಲೆತ್ತಿ
ಕೀವಿನ ರೋಗಾಣು ಬಿತ್ತಿದ ತಟ್ಟೆಯ ನಡುವೆ ಇಟ್ಟೆ.
ಮರುದಿನ ಅದರ ಸುತ್ತ ಒಂದು ಬಯಲು,
ಯಾವುದೂ ಕಾಲಿಡದ ತಿಳಿಯಾದ ಉಂಗುರ,
ಎಳೆಯ ಹಿಮ್ಮಡಿಯಷ್ಟಗಲ.

ಡಾಕ್ಟರ್ ಹೂಕ್‌ಸ್ಟ್ರಾ ಬೆಳಕಿಗೆ ಹಿಡಿದರು,
ಕಾಗದದ ಪಟ್ಟಿಯ ಮೇಲೆ ಏರಿಸಿ ನೋಡಿದರು, ಎರಡು ವಾರ.
"ಹಳೇದು. ಬೇರೆಯವರ ಪೇಟೆಂಟು. ಬಿಸಾಡಿ."
ನಮೂನೆಗೆ ಮೊಹರು ಬಿತ್ತು: ಹೊಸದಲ್ಲ.

ಹೊಸದಲ್ಲ, ನಿಜ.
ಅವಳು ಓಡಾಡುತ್ತಿದ್ದಾಗಲೂ ಇತ್ತು,
ಬೂಟಿನ ಅಟ್ಟೆಗೆ ಮೆತ್ತಿಕೊಂಡು ಮನೆಯೊಳಗೂ ಬಂದಿತ್ತು,
ಅಮ್ಮ ಗದರಿ ಹೊಸ್ತಿಲಾಚೆಯೇ ಕೊಡವಿಸಿರಬೇಕು.

ವಂದನೆಯ ಅಚ್ಚು ಕಾಗದ ನಮ್ಮಲ್ಲಿ ಕಟ್ಟುಗಟ್ಟಲೆ.
ಮೂರು ಸಲ ಅದರ ಕೆಳಗೆ ಪೆನ್ನಿಟ್ಟು ತೆಗೆದೆ.
ಇತ್ತು ಎಂದರೆ ಆ ತಾಯಿ ಏನಾಗುತ್ತಾಳೆ?
ಇರಲಿಲ್ಲ ಎಂದರೆ ನಾನು?
ಕೊನೆಗೆ ಕೇಳಿದ್ದು ಇಷ್ಟು: ಓಪಲ್‌ದು ಯಾವ ಬಣ್ಣದ ಬೂಟು?

ಮಾರ್ಚಿನಲ್ಲಿ ಉತ್ತರ ಬಂತು, ಹನ್ನೊಂದು ಪುಟ.
ಮಣ್ಣಿನ ಮಾತು ಒಂದೂ ಇರಲಿಲ್ಲ.